ಮಾಳಿಂಗಪ್ಪನೂ ಮಹಾಬಳೇಶ್ವರದ ಜೋಡಿಗಳೂ

ಮಟಕಿ ಊರಿನ ಮಾಳಿಂಗಪ್ಪ ಆಳಂದದಲ್ಲಿ ಫೋಟೋ ಸ್ಟುಡಿಯೋ ತೆರೆದದ್ದು ಎಪ್ಪತ್ತಾರರಲ್ಲಿ. ಬಸ್ ಸ್ಟ್ಯಾಂಡಿನ ಎದುರು, ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ. ಅದಕ್ಕೂ ಮೊದಲು ಸೊಲ್ಲಾಪುರದಲ್ಲಿ ಒಬ್ಬರ ಕೈಕೆಳಗೆ ಕತ್ತಲೆ ಕೋಣೆಯ ಕೆಲಸ ಕಲಿತು ಬಂದಿದ್ದ. ಕೆಲಸಗಾರ ಒಳ್ಳೆಯವನೇ, ಆದರೆ ಅವನಿಗೆ ಜಾಗದ ಹುಚ್ಚು. ಬಸ್ ಪಾಸಿನ ಫೋಟೋಕ್ಕೆ ಬಂದವರನ್ನೂ ಸ್ಟೂಲಿನ ಮೇಲೆ ಕೂರಿಸಿ, ಮತ್ತೆ ಎಬ್ಬಿಸಿ, ಸ್ಟೂಲನ್ನು ಗೇಣುದ್ದ ಈಚೆ ಎಳೆದು, ಮತ್ತೆ ಕೂರಿಸಿ, "ಊಂಹೂಂ, ಜಾಗಾ ಬರೋಬ್ಬರಿ ಆಗಲಿಲ್ಲ" ಎನ್ನುವನು. ಹಿಂದೆ ಇದ್ದದ್ದು ಬರೀ ಸುಣ್ಣದ ಗೋಡೆ. ಯಾವ ಮೂಲೆಗೆ ಕೂತರೂ ಅದೇ ಗೋಡೆ. ಅದನ್ನು ಅವನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ, ಯಾಕೆಂದರೆ ಆಳಂದದಲ್ಲಿ ಆಗ ಇನ್ನೊಂದು ಸ್ಟುಡಿಯೋ ಇರಲಿಲ್ಲ.

ಜೋಡಿ ಫೋಟೋಗಳಿಗೆಂದೇ ಅವನ ಬಳಿ ಒಂದು ಪರದೆಯಿತ್ತು. ಸಿನೆಮಾ ಬೋರ್ಡು ಬರೆಯುವವನೊಬ್ಬನಿಂದ ಬರೆಸಿದ್ದು. ಹಿಮದ ಬೆಟ್ಟ, ಬೆಟ್ಟದ ಕೆಳಗೆ ಕೊಳ, ಕೊಳದಲ್ಲಿ ಒಂದು ಹಂಸ. ಬೆಟ್ಟವನ್ನು ಬರೆದವನೂ ನೋಡಿರಲಿಲ್ಲ, ಬರೆಸಿದವನೂ ನೋಡಿರಲಿಲ್ಲ. ಆದರೂ ಜಿಡಗಾ, ನಿಂಬರ್ಗಾ, ಅಫಜಲಪುರದ ಕಡೆಯ ಹೊಸ ಗಂಡಹೆಂಡಿರೆಲ್ಲ ಆ ಹಿಮದ ಮುಂದೆ ಬೆವರು ಒರೆಸಿಕೊಂಡು ನಿಂತು ಹೋಗಿದ್ದರು.

ಎಂಬತ್ಮೂರರ ಬೇಸಿಗೆಯಲ್ಲಿ ಆ ಪರದೆಯ ಮುಂದೆ ಶಾಂತಲಿಂಗಪ್ಪ ಬಂದು ನಿಂತ. ನಿಂಬರ್ಗಾದಲ್ಲಿ ಹೊಲ, ಆಳಂದದಲ್ಲಿ ತೊಗರಿಯ ಅಡತಿ ಅಂಗಡಿ ಇದ್ದ ಹಣಮಂತರಾಯರ ಒಬ್ಬನೇ ಮಗ. ಗುಲಬರ್ಗಾದಲ್ಲಿ ಬಿ.ಕಾಂ. ಓದಿದವನು, ಎತ್ತರದ ಆಳು, ಅಂಗಡಿ ಕಟ್ಟೆಯ ಮೇಲೆ ನಿಂತು ಹಮಾಲರನ್ನು ಕೂಗಿದರೆ ಬಸ್ ಸ್ಟ್ಯಾಂಡಿನಲ್ಲಿ ಕೂತವರು ತಿರುಗಿ ನೋಡುತ್ತಿದ್ದರು. ಹೆಂಡತಿಯ ಎದುರಿಗೆ ಮಾತ್ರ ಆ ಗಂಟಲು ಎಲ್ಲಿ ಅಡಗುತ್ತಿತ್ತೋ. ಅವಳು ಶಾರದಾಬಾಯಿ, ಸೊಲ್ಲಾಪುರದ ಹುಡುಗಿ, ಸುಮ್ಮನಿರುವ ಗೋಡೆಯನ್ನೂ ಮಾತಿಗೆಳೆಯುವಂಥವಳು.

"ಸಣ್ಣ ಸಾವಕಾರ್ರ, ಜರಾ ಅಕ್ಕೋರ ಕಡೆ ಸರೀರಿ" ಎಂದ ಮಾಳಿಂಗಪ್ಪ.

ಶಾಂತಲಿಂಗಪ್ಪ ತಲೆಯನ್ನು ಮಾತ್ರ ವಾಲಿಸಿದ.

"ತಲಿ ಅಲ್ರಿ, ಕಾಲು."

"ಸರದೇನಲ್ಲ!"

"ಆ ಕಡಿ ಸರದ್ರಿ ನೀವು."

ಹೇಗೋ ಫೋಟೋ ಆಯಿತು. ತೊಳೆದು ನೋಡಿದರೆ ಈ ಕಡೆ ಗಂಡ, ಆ ಕಡೆ ಹೆಂಡತಿ, ಇಬ್ಬರ ನಡುವಿನ ಖಾಲಿ ಜಾಗದಲ್ಲಿ ಹಂಸ ಕೊಕ್ಕಿನಿಂದ ಬಾಲದವರೆಗೆ ಪೂರ್ತಿ ಬಂದಿತ್ತು. ಆ ಫೋಟೋದ ಒಂದು ಪ್ರತಿ ಸೊಲ್ಲಾಪುರಕ್ಕೆ ಹೋಯಿತು. ತವರಿಗೆ ಹೋಗಿ ಬಂದ ಶಾರದಾಬಾಯಿ ಅತ್ತೆಯ ಮುಂದೆ, ಗಂಡನಿಗೂ ಕೇಳುವ ಹಾಗೆ ಹೇಳಿದಳು:

"ಅತ್ತಿ, ನಮ್ಮ ಕಾಕಾನ ಮಗಳು ಕೇಳ್ತಾಳ್ರಿ, ಶಾರದಾ, ನಿನ್ನ ಮಗ್ಗಲಕ ಹಂಸ ನಿಂತದ, ಖರೆ. ಅದರ ಆಚಿ ಕಡಿ ನಿಂತಾವರು ಯಾರು ಅಂತ."

ಶಾಂತಲಿಂಗಪ್ಪ ಊಟದ ತಟ್ಟೆಯ ಮುಂದಿನಿಂದ ಎದ್ದ. ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದು, ಗೋಡೆಯ ಕಡೆ ನೋಡುತ್ತ, ಮಹಾಬಳೇಶ್ವರಕ್ಕೆ ಹೋಗುವುದೆಂದೂ, ಖರೆ ಬೆಟ್ಟದ ಮುಂದೆ ನಿಂತು ಫೋಟೋ ತೆಗೆಸುವುದೆಂದೂ, ಮಾಳಿಂಗಪ್ಪನನ್ನು ಜೊತೆಗೇ ಒಯ್ಯುವುದೆಂದೂ ಸಾರಿದ.

"ಫೋಟೋ ತಗಸಾಕ ಗುಡ್ಡ ಯಾಕಪಾ?" ಎಂದರು ಹಣಮಂತರಾಯರು. "ನಮ್ಮ ಅಂಗಡಿ ಮುಂದ ನಿಂದರ್ರಿ. ಬೋರ್ಡೂ ಬರ್ತದ."

ಆದರೆ ಅವರ ಹೆಂಡತಿ ಗುರುಶಾಂತಮ್ಮ ಅಷ್ಟರಲ್ಲಾಗಲೇ ರೊಟ್ಟಿ ಬಡಿಯಲು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಎಷ್ಟು ಜನಕ್ಕೆ ರೊಟ್ಟಿ ಎಂಬುದು ಹೊರಡುವ ಬೆಳಿಗ್ಗೆ ತಿಳಿಯಿತು. ಬಾಡಿಗೆಯ ಅಂಬಾಸಡರ್ ಕಾರಿನ ಮುಂದಿನ ಸೀಟಿನಲ್ಲಿ ಡ್ರೈವರ್ ಬಂದೇನವಾಜ, ಅವನ ಪಕ್ಕ ತೊಡೆಯ ಮೇಲೆ ಕ್ಯಾಮೆರಾ ಚೀಲ ಇಟ್ಟುಕೊಂಡ ಮಾಳಿಂಗಪ್ಪ. ಹಿಂದೆ ಆ ಕಿಟಕಿಗೆ ಶಾಂತಲಿಂಗಪ್ಪ, ಈ ಕಿಟಕಿಗೆ ಶಾರದಾಬಾಯಿ, ನಡುವೆ, ಕಾಲ ಬಳಿ ರೊಟ್ಟಿಯ ಗಂಟು ಇಟ್ಟುಕೊಂಡು, ಗುರುಶಾಂತಮ್ಮ.

ಬಂದೇನವಾಜ ಕನ್ನಡಿಯಲ್ಲಿ ಹಿಂದಕ್ಕೆ ನೋಡಿ, ಗೇರ್ ಹಾಕುವ ನೆವದಲ್ಲಿ ಮಾಳಿಂಗಪ್ಪನ ಕಿವಿಯ ಹತ್ತಿರ ಬಾಗಿ, "ಭಾಯಿ, ಹಂಸ ಕುಂತದ ನೋಡು" ಎಂದ.

ಸೊಲ್ಲಾಪುರ, ಪಂಢರಪುರ, ಸಾತಾರಾ ದಾಟಿ ವಾಯಿಯ ಆಚೆ ಪಸರಣಿ ಘಾಟು ಏರತೊಡಗಿದಾಗ ಮಾಳಿಂಗಪ್ಪನಿಗೆ ಕಾರಿನಲ್ಲಿ ಕೂತಿರಲು ಆಗಲಿಲ್ಲ. ಜೀವನದಲ್ಲಿ ಮೊದಲ ಸಲ ಅವನು ಬೆಟ್ಟ ನೋಡುತ್ತಿದ್ದ. ನಮ್ಮ ಕಡೆ ಗುಡ್ಡ ಎಂದರೆ ಕಲ್ಲು ಒಡೆಯುವ ಜಾಗ. ಇಲ್ಲಿ ಕಿಟಕಿಯ ಈ ಕಡೆ ನೋಡಿದರೆ ಗೋಡೆಯಂತೆ ಬಂಡೆ, ಆ ಕಡೆ ನೋಡಿದರೆ ನೆಲವೇ ಇಲ್ಲ. "ನಿಲ್ಸು, ನಿಲ್ಸು, ಜಾಗಾ ಬಂತು" ಎಂದು ತಿರುವು ತಿರುವಿಗೂ ಕೂಗತೊಡಗಿದ. ಬಂದೇನವಾಜ ಮೊದಮೊದಲು ನಿಲ್ಲಿಸಿದ. ಆಮೇಲೆ, "ಹಿಂಗ ನಿಲ್ಸಿದ್ರ ನಾವು ಮ್ಯಾಲ ಮುಟ್ಟೂದ್ರಾಗ ಇವರಿಗೆ ಮೊಮ್ಮಕ್ಕಳು ಆಗ್ತಾವ" ಎಂದು ಒಂದೇ ಸಮ ಓಡಿಸಿದ.

ಪಂಚಗಣಿಯ ಮೇಲಿನ ಬಯಲು ಮಾಳಿಂಗಪ್ಪ ಆರಿಸಿದ ಮೊದಲ ಜಾಗ. ಪುಸ್ತಕದ ರಟ್ಟಿನಲ್ಲಿ ನೋಡಿದ್ದ. ಬೆಟ್ಟದ ತಲೆಯನ್ನು ಕೊಯ್ದು ಹಾಕಿದಂತೆ ಚಪ್ಪಟೆ ನೆಲ, ನಾಲ್ಕೂ ಕಡೆ ಆಕಾಶ. ಗುರುಶಾಂತಮ್ಮ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು.

"ನಮ್ಮ ನಿಂಬರ್ಗಾ ಹೊಲಾನೇ ಎತ್ತಿ ಮ್ಯಾಲಿಟ್ಟಂಗ ಅದ. ಇದನ್ನ ನೋಡಾಕ ಇಷ್ಟು ದೂರ ಬರಬೇಕಾಗಿತ್ತೇನು?"

ಬಯಲು ದೊಡ್ಡದಾದಷ್ಟೂ ಶಾಂತಲಿಂಗಪ್ಪ ಹೆಂಡತಿಯಿಂದ ದೂರ ನಿಂತ. ಗಾಳಿ ಬೀಸಿ ಶಾರದಾಬಾಯಿಯ ಸೆರಗು ಹಾರಿ ಗಂಡನ ಮುಖವನ್ನು ಪೂರಾ ಮುಚ್ಚಿತು. ಕ್ಯಾಮೆರಾ ಚಿಟಿಕೆ ಹಾಕಿದ್ದೂ ಆಗಲೇ.

ಆ ರಾತ್ರಿ ಲಾಡ್ಜಿನಲ್ಲಿ ಮಲಗಿದ ಮಾಳಿಂಗಪ್ಪ ಒಂದು ತೀರ್ಮಾನಕ್ಕೆ ಬಂದ. ಜಾಗದಲ್ಲಿ ದೋಷವಿಲ್ಲ. ದೋಷವಿರುವುದು ಗುರುಶಾಂತಮ್ಮನಲ್ಲಿ. ಅವಳು ಎಲ್ಲಿದ್ದರೂ ಇಬ್ಬರೂ ಅವಳ ಆಚೀಚೆಗೇ ನಿಲ್ಲುತ್ತಾರೆ. ಆದ್ದರಿಂದ ಅವಳು ಬರಲಾರದ ಜಾಗವನ್ನು ಹುಡುಕಬೇಕು.

ಮರುದಿನ ಅವನು ಮೆಟ್ಟಿಲು ಮೆಟ್ಟಿಲಾಗಿ ಏರುವ ಒಂದು ಪಾಯಿಂಟನ್ನು ಆರಿಸಿದ. "ಅವ್ವಾರ, ಭಾಳ ಎತ್ತರ ಅದರಿ. ನೀವು ಇಲ್ಲೇ ಚಾ ಕುಡ್ಕೋತ ಕುಂದರ್ರಿ" ಎಂದ. ಗುರುಶಾಂತಮ್ಮ ಸೆರಗು ಸಿಕ್ಕಿಸಿಕೊಂಡು ನಡೆದಳು. ಹೊಲಕ್ಕೆ ದಿನಾ ಬುತ್ತಿ ಹೊತ್ತು ಹೋಗಿ ಬಂದ ಕಾಲುಗಳು. ಇವರು ಮೂವರೂ ಏದುಸಿರು ಬಿಡುತ್ತ ಮೇಲೆ ಬಂದಾಗ ಅವಳು ಕಲ್ಲಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು.

"ಯಾಕ ತಡಾ ಮಾಡಿದ್ರಿ? ಮಾಳಿಂಗಾ, ಇಲ್ಲಿ ಬ್ಯಾಡ, ಬಿಸಲು ಕಣ್ಣಿಗೆ ಹೊಡೀತದ. ಆ ಕಡಿ ನಿಂದ್ರಸು."

ಮಧ್ಯಾಹ್ನ ವೆಣ್ಣಾ ಕೆರೆ. ಇಲ್ಲಿ ಮಾಳಿಂಗಪ್ಪನಿಗೆ ಗೆಲುವು ಖಾತ್ರಿಯಾಗಿತ್ತು, ಯಾಕೆಂದರೆ ಗುರುಶಾಂತಮ್ಮನಿಗೆ ನೀರಿನ ಹೆದರಿಕೆ. ದೋಣಿಯಲ್ಲಿ ಗಂಡಹೆಂಡತಿ ಹತ್ತಿ ಕೂತರು. ಹಿಂದೆ ನೀರು, ನೀರಿನ ಹಿಂದೆ ಹಸಿರು, ಅದರ ಮೇಲೆ ಇಳಿಯುತ್ತಿರುವ ಮಂಜು. ಮಾಳಿಂಗಪ್ಪ ಮೊಣಕಾಲೂರಿ ಕ್ಯಾಮೆರಾದ ಮುಚ್ಚಳ ತೆಗೆದ. ಅಷ್ಟರಲ್ಲಿ ಶಾಂತಲಿಂಗಪ್ಪ ದಡದ ಕಡೆ ನೋಡಿದ. "ಅವ್ವ ಒಬ್ಬಾಕಿನೇ ಕುಂತಾಳ" ಎಂದವನೇ ದೋಣಿಯಿಂದ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಬಂದೇಬಿಟ್ಟ. ದೋಣಿಯವನು ಇದು ಯಾವುದೂ ತಿಳಿಯದೆ ಹುಟ್ಟು ಹಾಕಿದ. ಆ ಮಧ್ಯಾಹ್ನದ ಫೋಟೋದಲ್ಲಿ ಶಾರದಾಬಾಯಿ ಇದ್ದಾಳೆ, ಅವಳ ಪಕ್ಕದಲ್ಲಿ ಮೀಸೆಯ ದೋಣಿಯವನಿದ್ದಾನೆ.

ದೋಣಿ ದಡಕ್ಕೆ ಬಂದಾಗ ಅವಳ ಕಣ್ಣುಗಳು ಕೆಂಪಾಗಿದ್ದವು. ಗಂಡನನ್ನೂ ಅತ್ತೆಯನ್ನೂ ದಾಟಿ ನೇರವಾಗಿ ಮಾಳಿಂಗಪ್ಪನ ಬಳಿ ಬಂದು, "ಅಣ್ಣಾ, ಫೋಟೋ ಸಾಕು. ನಾಳಿ ಊರಿಗೆ ಹೋಗೂಣು" ಎಂದಳು. ಇಡೀ ದಾರಿ ಹರಟಿದ್ದ ಹುಡುಗಿ ಆ ಸಂಜೆ ಇನ್ನೊಂದು ಮಾತಾಡಲಿಲ್ಲ. ಮಾಳಿಂಗಪ್ಪನಿಗೆ ಊಟ ಸೇರಲಿಲ್ಲ. ಅಲ್ಲಿಯವರೆಗೆ ಅವನಿಗೆ ಫೋಟೋದ್ದಷ್ಟೇ ಚಿಂತೆಯಾಗಿತ್ತು.

ಬೆಳಿಗ್ಗೆ ಗುರುಶಾಂತಮ್ಮ ಲಾಡ್ಜಿನ ಪಡಸಾಲೆಯಲ್ಲಿ ಶಾಲು ಹೊದ್ದು ಬಸಿಯಲ್ಲಿ ಚಹಾ ಊದುತ್ತಿದ್ದಳು. ಮಾಳಿಂಗಪ್ಪ ಹೋಗಿ ಎದುರಿಗೆ ಕೂತ. ಬಹಳ ಹೊತ್ತು ಕ್ಯಾಮೆರಾದ ಗಾಜು ಒರೆಸಿದ. ಆಮೇಲೆ ಗಟ್ಟಿ ಮನಸ್ಸು ಮಾಡಿ ಹೇಳಿದ:

"ಅವ್ವಾರ, ಸಿಟ್ಟಿಗೇಳಬ್ಯಾಡ್ರಿ. ಇವತ್ತೊಂದಿನ ನೀವು ಇಲ್ಲೇ ಆರಾಮ ಮಾಡ್ರಿ. ಅವರಿಬ್ಬರನ್ನ ನಾ ಕರಕೊಂಡು ಹೋಗ್ತೇನಿ."

ಗುರುಶಾಂತಮ್ಮ ಬಸಿ ಕೆಳಗಿಟ್ಟಳು.

"ನಾ ಕಾವಲಾ ಕಾಯಾಕ ಬಂದೀನಿ ಅಂತ ತಿಳದೇನಲೇ?"

"ಹಂಗಲ್ರಿ…"

"ಹಂಗೇ ತಿಳದಿ. ಆ ಹುಡುಗೀನೂ ಹಂಗೇ ತಿಳದಾಳ. ಕೇಳಿಲ್ಲಿ. ಹೊರಡೂ ಹಿಂದಿನ ದಿನ ನನ್ನ ಮಗ ಅನ್ನೋ ಈ ದೇವರು ಅಡಗಿಮನಿಗೆ ಬಂದು ನಿಂತ. ಅವ್ವಾ, ನೀ ಬಂದ್ರ ಹೋಗ್ತೇನಿ, ಇಲ್ಲಂದ್ರ ಇಲ್ಲ ಅಂದ. ಯಾಕಪಾ ಅಂದೆ. ಆಕಿ ಭಾಳ ಮಾತಾಡ್ತಾಳ, ತಿರಗಿ ನಾ ಏನ್ ಮಾತಾಡ್ಲಿ, ನನಗ ತಿಳಿಯಂಗಿಲ್ಲ ಅಂದ. ಹಮಾಲರ ಜೋಡಿ ಜಗಳಾಡೋ ಗಂಡಸು! ನಡುವ ಕುಂತು ಕುಂತು ನನ್ನ ಸೊಂಟ ಹೋಗ್ಯಾದ. ಕಿಟಕಿ ಸೀಟು ಬೇಕು ನನಗೂ."

ಬಾಗಿಲಲ್ಲಿ ಏನೋ ಬಿದ್ದ ಸದ್ದಾಯಿತು. ಅತ್ತೆಗೆ ಇನ್ನೊಂದು ಕಪ್ ಚಹಾ ತರುತ್ತಿದ್ದ ಶಾರದಾಬಾಯಿ ಅಲ್ಲಿ ನಿಂತಿದ್ದಳು. ಚಹಾ ನೆಲದ ಮೇಲಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

"ನನ್ನ ಕಂಡ್ರ ಆಗಂಗಿಲ್ಲ ಅಂತ ಮಾಡಿದ್ದೆ ಅತ್ತಿ" ಎಂದಳು.

"ಆಗಲಾರದಾಂವ ನಿನ್ನ ಸಲುವಾಗಿ ಗುಡ್ಡ ಏರ್ತಿದ್ನೇನು? ಬಾ, ಕುಂದರು. ಮಾಳಿಂಗಾ, ಇವತ್ತ ಜಾಗಾ ನಾ ಹುಡುಕ್ತೇನಿ. ನೀ ಬಾಯಿ ಮುಚ್ಕೊಂಡು ಬಾ."

ಅವಳು ಹುಡುಕಿದ ಜಾಗ ಯಾವ ಪಾಯಿಂಟೂ ಆಗಿರಲಿಲ್ಲ. ರಸ್ತೆಯ ಬದಿಯಲ್ಲಿ, ಮರದ ಕೆಳಗೆ, ಒಬ್ಬ ಮುದುಕಿ ಬುಟ್ಟಿಯಲ್ಲಿ ಕವಳಿ ಹಣ್ಣು ಮಾರುತ್ತ ಕೂತಿದ್ದಳು. ಗುರುಶಾಂತಮ್ಮ ಕಾರು ನಿಲ್ಲಿಸಿ, ಸೊಸೆಯನ್ನು ತಿವಿದು, ತಾನು ಕಾರಿನಲ್ಲೇ ಕೂತಳು. ಈಗ ಕಿಟಕಿಯ ಪಕ್ಕದಲ್ಲಿ.

ಶಾರದಾಬಾಯಿ ಬುಟ್ಟಿಯ ಮುಂದೆ ನಿಂತು ಒಂದು ಹಿಡಿ ಹಣ್ಣು ಎತ್ತಿಕೊಂಡಳು. "ಏನ್ರೀ, ಇದರಾಗ ಚಲೋ ಮಾಲು ಯಾವುದು? ನನಗಂತೂ ಎಲ್ಲಾ ಒಂದೇ ಕಾಣ್ತಾವ."

ಶಾಂತಲಿಂಗಪ್ಪ ದೂರದಿಂದಲೇ ನೋಡಿದ. ಅವಳು ಎತ್ತಿಕೊಂಡವುಗಳಲ್ಲಿ ಅರ್ಧ ಕಾಯಿ. ತೊಗರಿಯ ವ್ಯಾಪಾರಿಗೆ ಅದನ್ನು ಸಹಿಸಲಾಗಲಿಲ್ಲ.

"ಏ, ಅದಲ್ಲ! ಅದು ಇನ್ನಾ ಹಸೀ ಅದ." ಬಂದು ಅವಳ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದು, ಬೆರಳಿನಿಂದ ಹಣ್ಣುಗಳನ್ನು ಬೇರೆ ಮಾಡತೊಡಗಿದ. "ನೋಡಿಲ್ಲಿ, ಇದು ಕೆಂಪು. ಇದು ಹುಳಿ. ಕರ್ರಗ ಆಗಿದ್ದು ನೋಡಬೇಕು, ಒತ್ತಿದ್ರ ಮೆತ್ತಗಾಗಬೇಕು. ಇದು ನಂಬರ್ ಒನ್ ಮಾಲು."

"ನೀವು ಹೇಳಿದ್ರ ಆತೇನು? ತಿಂದು ನೋಡಬೇಕಲ್ಲ."

"ತಿನ್ನು, ಯಾರ ಬ್ಯಾಡಂದ್ರು?"

"ಹುಳಿ ಅದ!"

"ಸಾಧ್ಯನೇ ಇಲ್ಲ. ತಾ ಇಲ್ಲಿ, ನಾ ನೋಡ್ತೇನಿ."

ಗಂಟಲು ಏರಿತು, ಅಂಗಡಿ ಕಟ್ಟೆಯ ಗಂಟಲೇ. ಮುದುಕಿ ಮರಾಠಿಯಲ್ಲಿ ತನ್ನ ಹಣ್ಣಿನ ಪರವಾಗಿ ವಾದಕ್ಕಿಳಿದಳು. ಅವನು ಅವಳಿಗೂ ಉತ್ತರ ಕೊಡುತ್ತ, ಹೆಂಡತಿಗೂ ತಿಳಿಸಿ ಹೇಳುತ್ತ, ಅವಳ ಹೆಗಲಿಗೆ ಹೆಗಲು ತಾಗಿ ನಿಂತಿದ್ದನ್ನು ಮರೆತೇಬಿಟ್ಟಿದ್ದ. ಅವರ ಹಿಂದೆ ಮಂಜು ಸರಿದು ಒಂದು ಬೆಟ್ಟದ ಭುಜ ಕಾಣಿಸಿತು, ಆಮೇಲೆ ಇನ್ನೊಂದರದು. ಮಾಳಿಂಗಪ್ಪ "ಸರೀರಿ" ಅನ್ನಲಿಲ್ಲ, "ಇಲ್ಲಿ ನೋಡ್ರಿ" ಅನ್ನಲಿಲ್ಲ. ಉಸಿರು ಹಿಡಿದು ರೋಲಿನಲ್ಲಿ ಉಳಿದಿದ್ದನ್ನೆಲ್ಲ ಅಲ್ಲೇ ಮುಗಿಸಿದ.

ಆ ಫೋಟೋದಲ್ಲಿ ಶಾಂತಲಿಂಗಪ್ಪನ ಬಾಯಿ ತೆರೆದಿದೆ. ಶಾರದಾಬಾಯಿ ಅವನ ಕಡೆಗೆ ಮುಖವೆತ್ತಿ, ತುಟಿಯೆಲ್ಲ ಬಣ್ಣವಾಗಿ, ನಗುತ್ತಿದ್ದಾಳೆ. ಹಣಮಂತರಾಯರು ಅದನ್ನು ಕನ್ನಡಕ ಏರಿಸಿ, ಇಳಿಸಿ ನೋಡಿದರು.

"ಇಷ್ಟು ದೂರ ಹೋಗಿ ಅಲ್ಲೂ ಮಾಲು ತೋರಸಾಕತ್ತಾನಲ್ಲೋ!" ಎಂದರು. ಆದರೆ ಅಂಗಡಿಗೆ ಬಂದವರಿಗೆಲ್ಲ ಅವರೇ ತೋರಿಸಿದರು.

ಇದಾದ ಮೇಲೆ ಮಾಳಿಂಗಪ್ಪ ಊರಿನಲ್ಲಿ ಬೆಟ್ಟದ ಮನುಷ್ಯನಾದ. ಹೆಣ್ಣು ಗೊತ್ತಾದವರು ಮುಹೂರ್ತಕ್ಕೆ ಮೊದಲು ಅವನ ಹತ್ತಿರ ಬಂದು ಮಹಾಬಳೇಶ್ವರದ ಮಾತು ಆಡತೊಡಗಿದರು. ಅವನೂ ಕಾಲರ್ ಇದ್ದ ಸ್ವೆಟರ್ ಒಂದನ್ನು ಕೊಂಡು, ಆಳಂದದ ಬಿಸಿಲಲ್ಲೂ ಅದನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗಿದ.

ಮರುವರ್ಷ ದೀಪಾವಳಿ ಮುಗಿದು, ತೊಗರಿ ಇನ್ನೂ ಹೊಲದಲ್ಲೇ ನಿಂತಿದ್ದಾಗ, ಗುರುಶಾಂತಮ್ಮ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದಳು.

"ಈಗ ನಮ್ಮದು" ಎಂದಳು.

"ನಿಮ್ಮದು ಅಂದ್ರ?"

"ನಂದು, ನಿಮ್ಮ ಸಾವಕಾರಂದು. ಮಗನ ಮದುವ್ಯಾಗ ಮಂದಿ ನಡುವ ತಗದದ್ದು ಬಿಟ್ಟರ ನಮ್ಮಿಬ್ಬರದು ಒಂದೂ ಫೋಟೋ ಇಲ್ಲ."

ಹಣಮಂತರಾಯರನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ಈ ವಯಸ್ಸಿನ್ಯಾಗ ಮಂದಿ ಏನಂದಾರು?" ಎಂದರು. "ಅದಕ್ಕೇ ಮಂದಿ ಇರಲಾರದ ಕಡಿ ಹೋಗೂಣು ಅನ್ನಾಕತ್ತೇನಿ" ಎಂದಳು ಅವಳು. ಸೊಸೆ ಮಾವನ ಕೋಟಿಗೆ ಇಸ್ತ್ರಿ ಮಾಡಿಸಿ ತಂದಳು. ಮಗ ಅಂಗಡಿ ನೋಡಿಕೊಳ್ಳುತ್ತೇನೆಂದ. ನಾಲ್ಕೂ ಕಡೆ ದಾರಿ ಮುಚ್ಚಿದ ಮೇಲೆ ರಾಯರು ಅದೇ ಬಂದೇನವಾಜನ ಕಾರು ಹತ್ತಿದರು.

ಈ ಸಲ ಮಾಳಿಂಗಪ್ಪನಿಗೆ ಎಲ್ಲ ಜಾಗವೂ ಗೊತ್ತಿತ್ತು. ಮಳೆ ತೊಳೆದು ಬಿಟ್ಟ ಬೆಟ್ಟಗಳು ಕಡೆಯವರೆಗೂ ಕಾಣುತ್ತಿದ್ದವು. ಒಂದೊಂದೇ ಪಾಯಿಂಟಿಗೆ ಕರೆದೊಯ್ದು, ಕೈ ಚಾಚಿ ತೋರಿಸಿದ. ಗುರುಶಾಂತಮ್ಮ ಒಂದನ್ನೂ ಒಪ್ಪಲಿಲ್ಲ. ಒಂದು ಕಡೆ ಅಂಚಿನ ಕಬ್ಬಿಣದ ಕಠಡಾ ಹಿಡಿದು ನಿಂತರೆ ಜೈಲಿನಲ್ಲಿದ್ದ ಹಾಗೆ ಕಾಣುತ್ತದೆ. ಇನ್ನೊಂದು ಕಡೆ ಮಂಗಗಳು. ಮತ್ತೊಂದು ಕಡೆ ಕಾಲೇಜು ಹುಡುಗಿಯರು ನಗುತ್ತಾರೆ. ರಾಯರು ಮಾತ್ರ ಪ್ರತಿ ಕಣಿವೆಯನ್ನೂ ಬಗ್ಗಿ ನೋಡಿ, "ಇಷ್ಟು ಜಮೀನು, ಒಂದು ಚೀಲ ತೊಗರಿ ಬೆಳಿಯಂಗಿಲ್ಲ. ಹಾಳು" ಎಂದು ನಿಟ್ಟುಸಿರು ಬಿಟ್ಟರು.

ಫೋಟೋ ಇಲ್ಲದೆಯೇ ತಿರುಗಿ ಹೊರಟರು. ಮಾಳಿಂಗಪ್ಪ ಮುಖ ಊದಿಸಿಕೊಂಡು ಕೂತಿದ್ದ. ಪಸರಣಿ ಘಾಟು ಇಳಿಯುವಾಗ ಬ್ರೇಕಿನಿಂದ ಸುಟ್ಟ ವಾಸನೆ ಬಂತೆಂದು ಬಂದೇನವಾಜ ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ ಚಕ್ರ ತಣಿಯಲು ಬಿಟ್ಟ. ಹೆಸರಿಲ್ಲದ ಜಾಗ. ಒಂದು ಕಡೆ ಮೋಟು ಕಲ್ಲಿನ ಗೋಡೆ, ಅದರಾಚೆ ಕೆಳಗೆ ವಾಯಿಯ ಹೊಲಗಳು. ಮುಂದೆ ಬಿಸಿಲು ಬಿದ್ದ ಖಾಲಿ ರಸ್ತೆ.

ಗುರುಶಾಂತಮ್ಮ ಇಳಿದು ರಸ್ತೆಯನ್ನು ಹಿಂದೆ ಮುಂದೆ ನೋಡಿದಳು.

"ಇಲ್ಲಿ ತಗಿ."

"ಇಲ್ಲೇನದರಿ ಅವ್ವಾರ? ಬರೀ ರಸ್ತಾ!"

"ಅದೇ ಬೇಕು. ನಿಂತದ್ದು ಬ್ಯಾಡ. ನಾವಿಬ್ಬರೂ ಜೋಡಿ ನಡಕೋತ ಬರ್ತೇವಿ, ಹಂಗ ತಗಿ." ಆಮೇಲೆ ಗಂಡನಿಗೆ ಕೇಳಿಸಲೆಂದೇ ಸ್ವಲ್ಪ ಜೋರಾಗಿ, "ಮದುವ್ಯಾಗಿ ಬಂದಾಗಿಂದ ಇವರ ಬೆನ್ನೇ ನೋಡ್ಕೋತ ನಡದೀನಿ. ಆಳಂದದಾಗ ಅವರು ಅಲ್ಲಿ, ನಾ ಇಲ್ಲಿ. ನಡುವ ಮಂದಿ ಬಂದು ಸಾವಕಾರ್ರ ಶರಣರಿ, ಶರಣರಿ. ಇಲ್ಲಿ ಇವರನ್ನ ಕೇಳಾವ್ರು ಯಾರೂ ಇಲ್ಲ."

ರಾಯರು ಕೆಮ್ಮಿದರು. ತಲೆಯ ಪಟಗಾ ಸರಿಮಾಡಿಕೊಂಡರು. "ನಡಿ, ಅದಕ್ಕೇನು" ಎಂದು ಹೊರಟರು, ತಮ್ಮ ಎಂದಿನ ನಡಿಗೆಯಲ್ಲಿ. ಅರ್ಧ ದಾರಿಯಲ್ಲಿ ಗುರುಶಾಂತಮ್ಮ ಹಿಂದೆ ಉಳಿದಳು.

"ಸಾವಕಾಶ ನಡೀರಿ! ಯಾರ ಹಿಂದ ಬೆನ್ನತ್ಯಾರ?"

ಮತ್ತೆ ಮೊದಲಿನಿಂದ. ಮಾಳಿಂಗಪ್ಪನ ಕ್ಯಾಮೆರಾ ಮೇಲಿನಿಂದ ಬಗ್ಗಿ ನೋಡುವಂಥದು, ಅದರ ಗಾಜಿನಲ್ಲಿ ಎಡದ್ದು ಬಲಕ್ಕೆ ಕಾಣುತ್ತದೆ. ನಿಂತವರನ್ನೇ ತೆಗೆದು ರೂಢಿಯಾದವನು, ನಡೆಯುವವರನ್ನು ಹಿಡಿಯಲು ಹೋಗಿ ಒಮ್ಮೆ ಬರೀ ಗೋಡೆ ತೆಗೆದ, ಒಮ್ಮೆ ಬಂದೇನವಾಜನನ್ನು ತೆಗೆದ. ರಾಯರು ಒಮ್ಮೆ ಬೇಕೆಂದೇ ಬಹಳ ನಿಧಾನ ನಡೆದು ಹೆಂಡತಿಯ ಹಿಂದೆ ಬಿದ್ದರು. ಬಂದೇನವಾಜ ಕಾರಿಗೆ ಒರಗಿ, "ಹಾಂ, ಸಾವಕಾರ್ರ, ಈಗ ಗೊತ್ತಾತೇನ್ರಿ ಹಿಂದ ನಡಿಯೋ ಮಜಾ?" ಎಂದ.

ಕೊನೆಗೊಮ್ಮೆ ಇಬ್ಬರೂ ಹೊರಟರು. ನಾಲ್ಕು ಹೆಜ್ಜೆ ಬಂದ ರಾಯರು, ಹೆಂಡತಿ ಎಲ್ಲಿದ್ದಾಳೆ ಎಂದು ಪಕ್ಕಕ್ಕೆ ತಿರುಗಿ ನೋಡಿದರು. ಅವಳು ಅಲ್ಲೇ ಇದ್ದಳು, ತೋಳಿಗೆ ತೋಳಾಗಿ. ಅವಳು ಅವರನ್ನು ನೋಡಲಿಲ್ಲ. ತಲೆಯೆತ್ತಿ ನೇರ ಮುಂದೆ ನೋಡುತ್ತ, ಊರಿಗೆಲ್ಲ ತಾನೇ ಸಾವಕಾರ್ತಿ ಎಂಬಂತೆ ನಡೆದು ಬರುತ್ತಿದ್ದಳು. ಆಗ ಮಾಳಿಂಗಪ್ಪ ಗುಂಡಿ ಒತ್ತಿದ.

ಪಾದಗಳು ಮಸುಕಾಗಿ ಬಂದಿದ್ದವು. ಮಾಳಿಂಗಪ್ಪ ಅದಕ್ಕಾಗಿ ಬಹಳ ಕೊರಗಿದ. ಗುರುಶಾಂತಮ್ಮ, "ನಡಿಯಾಕತ್ತೀವಿ ಅಂತ ಅದರಿಂದಲೇ ಗೊತ್ತಾಗ್ತದ" ಎಂದು ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದಳು. ಊರಿಗೆ ಬಂದ ಮೇಲೆ ಹಣಮಂತರಾಯರು ತಮ್ಮ ಹಳೆಯ ನಡಿಗೆಗೇ ಮರಳಿದರು ಎನ್ನಬೇಕು. ಆದರೆ ಮಠಕ್ಕೆ ಹೋಗುವಾಗ ಓಣಿಯ ತುದಿಯಲ್ಲಿ ನಿಂತು, ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದೆ ಎಂಬಂತೆ ಕಾಲು ಜಾಡಿಸುತ್ತಿದ್ದರು. ಗುರುಶಾಂತಮ್ಮ ಹತ್ತಿರ ಬಂದ ಮೇಲೆ ಕಲ್ಲು ಬೀಳುತ್ತಿತ್ತು.

ಮಾಳಿಂಗಪ್ಪ ತೊಂಬತ್ತರ ದಶಕದ ನಡುವಿನವರೆಗೂ ಜೋಡಿಗಳನ್ನು ಬೆಟ್ಟಕ್ಕೆ ಕರೆದೊಯ್ದ. ಅಷ್ಟರಲ್ಲಿ ಆಳಂದಕ್ಕೆ ವಿಡಿಯೋದವರು ಬಂದರು, ಅವರು ಮದುವೆಯ ಹಾಲಿನಲ್ಲೇ ಗಂಡಹೆಂಡಿರನ್ನು ಹೂವಿನೊಳಗೂ ಮೋಡದೊಳಗೂ ತೇಲಿಸತೊಡಗಿದರು. ಆದರೂ ಅಫಜಲಪುರದಿಂದಲೋ ಜೇವರ್ಗಿಯಿಂದಲೋ ಯಾರಾದರೂ ಮಾಳಿಂಗಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದರು. ಬಂದೇನವಾಜ ಹೇಳಿಸಿಕೊಳ್ಳದೆಯೇ ಘಾಟಿನ ಆ ತಿರುವಿನಲ್ಲಿ ನಿಲ್ಲಿಸುತ್ತಿದ್ದ. ಒಮ್ಮೆ ಜೇವರ್ಗಿಯ ಹೊಸ ಮದುಮಗನೊಬ್ಬ ಕಾರಿನಿಂದ ಇಳಿದು, ಗೋಡೆಯನ್ನೂ ರಸ್ತೆಯನ್ನೂ ನೋಡಿ, ಪೆಚ್ಚಾಗಿ ಕೇಳಿದ:

"ಇಲ್ಲಿ ನೋಡೂದು ಏನದರಿ?"

"ಏನೂ ಇಲ್ರಿ" ಎಂದ ಮಾಳಿಂಗಪ್ಪ, ಕ್ಯಾಮೆರಾದ ಮುಚ್ಚಳ ತೆಗೆಯುತ್ತ. "ಸುಮ್ಮ ಇಬ್ಬರೂ ನಡಕೋತ ಬರ್ರಿ."